ಕುಂಭಕರ್ಣ ಮತ್ತು ಸೋಪಿನ ಡಬ್ಬಿ

ಜೂನ್ ೨, ಸೋಮವಾರ

ಇದನ್ನು ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿರುವವಳು ಹೆಂಡತಿ. ಐದು ವಾರದ ನರ್ಸಿಂಗ್ ತರಬೇತಿಗೆಂದು ನಿನ್ನೆ ರೈಲು ಹತ್ತಿದಳು. ಹತ್ತುವ ಮುಂಚೆ ಈ ಡೈರಿಯನ್ನು ಕೈಗಿಟ್ಟು, "ರೀ, ದಿನಾ ಫೋನ್ ಮಾಡಿ ನಮ್ಮಪ್ಪನ ಮೇಲೆ ಚಾಡಿ ಹೇಳ್ಬೇಡಿ. ಸಿಟ್ಟು ಬಂದಾಗೆಲ್ಲ ಇದ್ರಲ್ಲಿ ಬರ್ಕೊಳ್ಳಿ. ನಾನು ಬಂದ್ಮೇಲೂ ಓದಲ್ಲ" ಎಂದಳು. ಓದುವುದಿಲ್ಲವಂತೆ! ಯಾರೂ ಓದದ ದೂರನ್ನು ಬರೆದು ಏನು ಪ್ರಯೋಜನ ಎಂದು ನನ್ನನ್ನೇ ಕೇಳಬೇಕು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು ಕೂತು ನನ್ನ ಕುರ್ಚಿಯೇ ಸವೆದಿದೆ. ಊರವರ ದೂರೆಲ್ಲ ನನ್ನ ಕಿವಿಗೆ, ನನ್ನ ದೂರು ಈ ಡೈರಿಗೆ.

ಮೊದಲ ದೂರು ಮಾವನ ಮೇಲೆ. ಅತ್ತೆ ಹೋದ ಮೇಲೆ ಅವರು ನಮ್ಮ ಮನೆಗೆ ಬಂದರು, ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಒಬ್ಬರೇ ಬರಲಿಲ್ಲ ಎಂಬುದು ತಕರಾರು. ಮಾವ ಒಂದು ಕಾಲದಲ್ಲಿ ಸ್ಟುಡಿಯೋಗಳ ವಾದ್ಯವೃಂದದಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದವರು. ಡಬಲ್ ಬೇಸ್ ಎಂದರೆ ಆಳೆತ್ತರದ ಪಿಟೀಲು. ನಿಂತುಕೊಂಡು, ತಬ್ಬಿಕೊಂಡು ನುಡಿಸಬೇಕು. ಈಗ ಅದು ಕಪ್ಪು ಗವಸು ಹಾಕಿಕೊಂಡು ನಮ್ಮ ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿಯಲ್ಲಿ ಮಲಗಿದೆ. ಅತ್ತೆ ಹೋದಂದಿನಿಂದ ಮಾವ ಅದನ್ನು ಮುಟ್ಟಿಲ್ಲ. ನಾನು ಅದಕ್ಕೆ ಕುಂಭಕರ್ಣ ಎಂದು ಹೆಸರಿಟ್ಟಿದ್ದೇನೆ. ನೀರು ಕುಡಿಯಲು ಹೋದಾಗಲೆಲ್ಲ ಅವನ ಹೊಟ್ಟೆ ದಾಟಿ ಹೋಗಬೇಕು. ಇವತ್ತೂ ಮೊಣಕಾಲು ತಾಗಿತು.

ಎರಡನೆಯ ದೂರು ಅತ್ತಿಗೆಯ ಮೇಲೆ, ಅಂದರೆ ಹೆಂಡತಿಯ ಅಕ್ಕನ ಮೇಲೆ. ಮಾವನ ಹಳೆಯ ಆಂಪ್ಲಿಫೈಯರು ಸುಟ್ಟುಹೋಗಿತ್ತಲ್ಲ, ಅದರ ಬದಲಿಗೆ ಒಂದು ಹೋಮ್ ಥಿಯೇಟರ್ ರಿಸೀವರ್, ಅಂದರೆ ಟೀವಿ, ಟೇಪು ಎಲ್ಲದರ ಸದ್ದನ್ನೂ ಸ್ಪೀಕರಿಗೆ ಒಯ್ಯುವ ಪೆಟ್ಟಿಗೆ, ಕಳಿಸಿದ್ದಾಳೆ. ಜೊತೆಗೆ ಐದು ಸ್ಪೀಕರು, ಗುಡುಗಲೆಂದೇ ಇನ್ನೊಂದು. ನಮ್ಮ ನಡುಮನೆಯಲ್ಲಿ ಕುರ್ಚಿಗಳಿರುವುದೇ ಮೂರು. ಫೋನಿನಲ್ಲಿ ಹೇಳಿದಳು: "ಅಪ್ಪನಿಗೆ ಹಾಡು ಕೇಳೋ ಹಾಗೆ ಮಾಡಿಕೊಡಿ. ಐದು ನಿಮಿಷದ ಕೆಲಸ." ಹೇಳುವವರಿಗೆ ಎಲ್ಲವೂ ಐದು ನಿಮಿಷದ ಕೆಲಸವೇ.

ಜೂನ್ ೩, ಮಂಗಳವಾರ

ಅಂಗಡಿಯವನು ಬಂದ. ಸ್ಪೀಕರುಗಳನ್ನು ಗೋಡೆಗೆ ಹೊಡೆದ, ರಿಸೀವರನ್ನು ಟೀವಿಯ ಕೆಳಗಿಟ್ಟ, ಬೂಟು ಹಾಕಿಕೊಂಡ.

"ಇವೆಲ್ಲ?" ಎಂದೆ. ಮೂಲೆಯಲ್ಲಿ ಮಾವನ ರೆಕಾರ್ಡ್ ಪ್ಲೇಯರು, ಟೇಪ್ ಡೆಕ್ಕು, ಸೀಡಿ ಪ್ಲೇಯರು, ಒಂದು ಚೀಲದ ತುಂಬ ವೈರು.

"ಹಳೇ ಐಟಂ ನಾವು ಮುಟ್ಟಲ್ಲ ಸಾರ್. ಪುಸ್ತಕ ಕೊಟ್ಟಿದೀವಲ್ಲ, ನೋಡ್ಕೊಂಡು ಹಾಕ್ಕೊಳ್ಳಿ."

ಮುಟ್ಟಲ್ಲವಂತೆ! ನಾನು ಕಚೇರಿಯಲ್ಲಿ "ಹಳೇ ಪೈಪು ನಾವು ಮುಟ್ಟಲ್ಲಮ್ಮ" ಎಂದು ನೋಡಲಿ, ಮರುದಿನ ಕೊಡಗಳ ಮೆರವಣಿಗೆ ಬರುತ್ತದೆ.

ಮಾವ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದರು. ಸೊಂಟದ ಶಸ್ತ್ರಚಿಕಿತ್ಸೆ ಆದ ಮೇಲೆ ಅವರಿಗೆ ಬಗ್ಗಲು ಆಗುವುದಿಲ್ಲ. ಹಾಗೆ ನೋಡಿದರೆ ಮೊದಲೂ ಬಗ್ಗಿದವರಲ್ಲ. "ಹಿಂದ್ಗಡೆ ವೈರು ಗೀರು ಎಲ್ಲ ನಿಮ್ಮತ್ತೆ ಖಾತೆ ಅಳಿಯಂದ್ರೇ. ನಂದೇನಿದ್ರೂ ಕುರ್ಚಿ" ಎಂದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಇಕ್ಕಳ, ಬೆಸುಗೆ ಕಡ್ಡಿ ಅವರಿಗೆ ಸೌಟಿದ್ದ ಹಾಗೆ. ಮನೆಯಲ್ಲಿ ಯಾವ ತಂತಿ ಯಾವುದಕ್ಕೆ ಎಂಬುದು ಅವರ ತಲೆಯಲ್ಲಿತ್ತು, ಆ ತಲೆಯೇ ಈಗ ಇಲ್ಲ.

ಜೂನ್ ೫, ಗುರುವಾರ

ರಿಸೀವರಿನ ಬೆನ್ನು ನೋಡಿದೆ. ಮೈತುಂಬ ತೂತು. ಕೆಂಪು, ಬಿಳಿ, ಹಳದಿ, ಚೌಕ, ಗುಂಡು. ಇದನ್ನು ಮಾಡಿದವನಿಗೆ ಹೆಂಡತಿ ಮಕ್ಕಳಿಲ್ಲವೇ, ಮನೆಗೆ ಹೋಗಿ ಮಾಡುವ ಕೆಲಸವಿಲ್ಲವೇ?

ಟೀವಿಯದು ಮೊದಲು ಹಾಕಿದೆ. ಬೆಳಕಿನಿಂದ ಸದ್ದು ಒಯ್ಯುವ ತಂತಿಯಂತೆ. ಒಯ್ಯಲಿಲ್ಲ. ತೆಗೆದು ಹಾಕಿದೆ, ಬೈದು ಹಾಕಿದೆ. ಆಮೇಲೆ ನೋಡಿದರೆ ತಂತಿಯ ತುದಿಗೆ ಕಣ್ಣಿಗೆ ಕಾಣದಂಥ ಪ್ಲಾಸ್ಟಿಕ್ ಟೋಪಿ! ಅದನ್ನು ತೆಗೆಯಬೇಕೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಮಕ್ಕಳು ಪೆಟ್ಟಿಗೆಯೊಳಗೆ ಕೂರಬಾರದು ಎಂದು ಮಾತ್ರ ದೊಡ್ಡದಾಗಿ ಬರೆದಿದ್ದಾರೆ.

"ನಿಮ್ಮತ್ತೆ ಆಗಿದ್ರೆ ಇಷ್ಟೊತ್ತಿಗೆ ಕಾಫಿನೂ ಆಗಿರ್ತಿತ್ತು" ಎಂದರು ಮಾವ. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಇಲ್ಲಿ ಬರೆಯುವ ಹಾಗಿರುತ್ತಿರಲಿಲ್ಲ.

ಜೂನ್ ೭, ಶನಿವಾರ

ರಜೆಯ ಅರ್ಧ ದಿನ ಟೀವಿ ಮೇಜಿನ ಹಿಂದೆ, ಧೂಳಿನಲ್ಲಿ, ಮಂಡಿಯ ಮೇಲೆ.

ಸೀಡಿ ಪ್ಲೇಯರು ಸುಲಭ, ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಮನೆಯಲ್ಲಿರುವ ಒಂದೇ ಸೀಡಿ ಹೆಂಡತಿಯ ಪ್ರಥಮ ಚಿಕಿತ್ಸೆಯ ಪಾಠದ್ದು. ಹಾಕಿದ ತಕ್ಷಣ ಐದೂ ದಿಕ್ಕಿನಿಂದ ಒಬ್ಬ ಹೆಂಗಸು "ರಕ್ತ ಸುರಿಯುತ್ತಿದ್ದರೆ ಗಾಬರಿಯಾಗಬೇಡಿ" ಎಂದು ಕೂಗಿದಳು. ಟೇಪ್ ಡೆಕ್ಕು ಮೊದಲು ಮೂಕವಾಗಿತ್ತು. ಅದಕ್ಕೆ ಎರಡು ಜೊತೆ ತೂತು, ಒಂದು ಕೊಡುವುದಕ್ಕೆ, ಒಂದು ತೆಗೆದುಕೊಳ್ಳುವುದಕ್ಕೆ. ನಾನು ತೆಗೆದುಕೊಳ್ಳುವುದಕ್ಕೆ ಹಾಕಿದ್ದೆ. ಬದಲಿಸಿದೆ, ಹಾಡಲಿಲ್ಲವಾದರೂ ಮಾತಾಡಿತು. ಇದ್ದದ್ದು ಹೆಂಡತಿ ಶಾಲೆಯಲ್ಲಿದ್ದಾಗಿನ ಭಾಷಣ ಸ್ಪರ್ಧೆಯ ಕ್ಯಾಸೆಟ್ಟು.

ಕೊನೆಗೆ ರೆಕಾರ್ಡ್ ಪ್ಲೇಯರು. ಅದರ ತಂತಿ ನೇರ ಬರುವುದು ಬಿಟ್ಟು ಒಂದು ತಗಡಿನ ಸೋಪಿನ ಡಬ್ಬಿಯೊಳಗೆ ಹೋಗುತ್ತಿತ್ತು. ಡಬ್ಬಿಯ ಇನ್ನೊಂದು ಕಡೆಯಿಂದ ಬೇರೆ ತಂತಿ ಹೊರಗೆ. ಮೇಲಾಗಿ ಡಬ್ಬಿಗೆ ಕರೆಂಟಿಗೆ ಹಾಕುವ ಬೇರೆ ಪ್ಲಗ್ಗು. ಅತ್ತೆಯದೇ ಕೈಕೆಲಸ, ಮುಚ್ಚಳದ ಮೇಲೆ ಗುಲಾಬಿ ಹೂವಿನ ಚಿತ್ರ ಇನ್ನೂ ಇದೆ. ಏನಿದು ಎಂದು ಮಾವನನ್ನು ಕೇಳಿದರೆ, "ಹಿಂದ್ಗಡೆ ವಿಷ್ಯ ನಂಗೊತ್ತಿಲ್ಲ" ಎಂದರು.

ನನಗೆ ಗೊತ್ತು. ಇಷ್ಟು ವರ್ಷದ ನೌಕರಿಯಲ್ಲಿ ಕಲಿತದ್ದು ಒಂದೇ ಪಾಠ: ಕೆಲಸ ಕೆಡುವುದು ನಡುವೆ ಬಾಯಿ ಹಾಕುವವನಿಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪ್ಲೇಯರಿನ ತುದಿಯಲ್ಲಿ ಕೆಂಪು ಬಿಳಿ ಪಿನ್ನು ಇದೆ, ರಿಸೀವರಿನಲ್ಲಿ ಕೆಂಪು ಬಿಳಿ ತೂತು ಇದೆ. ನಡುವೆ ಈ ದಲ್ಲಾಳಿ ಯಾಕೆ? ಕಿತ್ತೆ. ನೇರ ಹಾಕಿದೆ. ಡಬ್ಬಿಯನ್ನೂ ಮಿಕ್ಕ ಹಾಳುಮೂಳು ತಂತಿಗಳನ್ನೂ ಕುಂಭಕರ್ಣನ ಗವಸಿನ ದೊಡ್ಡ ಜೇಬಿಗೆ ತುರುಕಿದೆ. ಹೇಗೂ ಬಿದ್ದುಕೊಂಡಿದ್ದಾನೆ, ಅಷ್ಟಾದರೂ ಉಪಯೋಗವಾಗಲಿ.

ಜೂನ್ ೮, ಭಾನುವಾರ

ಸಂಜೆ ಉದ್ಘಾಟನೆ. ಮಾವ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಒಗೆದ ಅಂಗಿ ಹಾಕಿ ತಯಾರಾಗಿದ್ದರು. ಅವರು ಕೇಳುವುದು ಒಂದೇ ರೆಕಾರ್ಡು. ಎಷ್ಟೋ ವರ್ಷದ ಹಿಂದೆ ಅವರ ವಾದ್ಯವೃಂದ ನುಡಿಸಿದ್ದು, ಹಿಂದಿನ ಸಾಲಿನಲ್ಲಿ ನಿಂತು ಮಾವ ಡಬಲ್ ಬೇಸ್ ನುಡಿಸಿದ್ದಾರೆ. ರಟ್ಟಿನ ಮೇಲೆ ಅವರ ಹೆಸರಿಲ್ಲ, ಫೋಟೋದಲ್ಲಿ ಅವರ ಅರ್ಧ ಕಿವಿ ಮಾತ್ರ ಇದೆ. ಅತ್ತೆ ಇರುವವರೆಗೂ ದಿನಾ ಸಂಜೆ ಕಾಫಿಯಾದ ಮೇಲೆ ಅದನ್ನು ಹಾಕುತ್ತಿದ್ದರಂತೆ.

ಹಾಕಿದೆ. ಸದ್ದು ಬಂತು, ಪಕ್ಕದ ಮನೆಯಲ್ಲಿ ಹಾಕಿದ ಹಾಗೆ ಸಣ್ಣಗೆ. ಗುಂಡಿ ತಿರುವಿದೆ. ಪಿಟೀಲುಗಳು ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿದವು. ನನಗೆ ಸಂಗೀತ ಗೊತ್ತಿಲ್ಲ, ಇದೇ ಇರಬೇಕು ಎಂದುಕೊಂಡೆ.

ಮಾವ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಇನ್ನೂ ಹತ್ತಿರಕ್ಕೆ. ಬದಿ ಮುಗಿಯುವವರೆಗೂ ಏನನ್ನೋ ಹುಡುಕುವವರ ಹಾಗೆ ಕೂತಿದ್ದರು.

"ನಾನಿಲ್ಲವಲ್ಲ" ಎಂದರು.

ಒಂದು ಥ್ಯಾಂಕ್ಸ್ ಇಲ್ಲ, ಒಂದು ಭೇಷ್ ಇಲ್ಲ. ಮಂಡಿ ತರಚಿಕೊಂಡು ಮಾಡಿದ್ದಕ್ಕೆ ಸಿಕ್ಕಿದ್ದು "ನಾನಿಲ್ಲವಲ್ಲ"!

ಜೂನ್ ೧೧, ಬುಧವಾರ

ಸೂಜಿ ಸವೆದಿರಬೇಕಂತೆ. ಕುಣಿಯಲಾರದವಳಿಗೆ ನೆಲ ಡೊಂಕು. ಕಚೇರಿ ಮುಗಿಸಿ ಎರಡು ಬಸ್ಸು ಬದಲಿಸಿ, ಹಳೆಯ ಪೇಟೆಯಲ್ಲಿ ಅಂಗಡಿ ಹುಡುಕಿ, ಹೊಸ ಸೂಜಿ ತಂದು ಹಾಕಿದೆ. ಅದೇ ಸೊಳ್ಳೆ ಗಾನ.

"ಕೆಳಗಿನ ಸ್ವರ ಒಂದೂ ಬರ್ತಿಲ್ಲ ಅಳಿಯಂದ್ರೇ. ಪಿಟೀಲಿದೆ, ಕೊಳಲಿದೆ. ನಂದೊಂದೇ ಇಲ್ಲ."

ಒಟ್ಟು ಅವರದೊಂದೇ ಇಲ್ಲವಂತೆ. ರಿಸೀವರಿಗೂ ಅವರಿಗೂ ಹಳೆಯ ದ್ವೇಷವೇನೋ!

ಜೂನ್ ೧೪, ಶನಿವಾರ

ಇವತ್ತು ಬಾಯಿ ಬಿಟ್ಟೆ. ಬಿಡಿಸಿದರು. ಬೆಳಗಿನಿಂದ ನಾಲ್ಕು ಸಲ ತಂತಿ ಬಿಚ್ಚಿ ಹಾಕಿಸಿದರು. ನಾಲ್ಕನೆಯ ಸಲ ಮೇಜಿನ ಹಿಂದಿನಿಂದ ಏಳುವಾಗ ತಲೆ ಬಡಿಯಿತು. ಅದೇ ಹೊತ್ತಿಗೆ ಸರಿಯಾಗಿ "ನಿಮ್ಮತ್ತೆ ಆಗಿದ್ರೆ" ಎಂದು ಶುರು ಮಾಡಿದರು.

"ಮಾವ, ಸೀಡಿ ಸರಿಯಾಗಿದೆ, ಟೇಪ್ ಸರಿಯಾಗಿದೆ, ಟೀವಿ ಸರಿಯಾಗಿದೆ. ಸೂಜಿ ಹೊಸದು. ಸರಿಯಿಲ್ಲದೇ ಇರೋದು ಒಂದೇ, ನಿಮ್ಮ ಕಿವಿ. ಮೊದ್ಲು ಅದನ್ನ ತೋರಿಸ್ಕೊಳ್ಳಿ!"

ತಿರುಗಿ ಬಯ್ಯುತ್ತಾರೆ ಎಂದು ಕಾದೆ.

"ರೆಕಾರ್ಡ್ ಸವೆದಿದ್ರೆ ಮೇಲಿನ ಸ್ವರ ಮೊದ್ಲು ಮಂಕಾಗತ್ತೆ" ಎಂದರು ಮೆಲ್ಲಗೆ. "ಅದು ಚೂಪಾಗೇ ಇದೆ. ಹೋಗಿರೋದು ಕೆಳಗಿಂದು. ನೀವು ಹೇಳೋದು ಸರಿ ಇರಬೇಕು."

ಎದ್ದು ತಾವೇ ಸ್ವಿಚ್ಚು ಆರಿಸಿದರು. ನಾನು ಹೇಳಿದ್ದು ಸರಿ ಎಂದು ಅವರು ಒಪ್ಪಿದ್ದು ಮದುವೆಯಾದಂದಿನಿಂದ ಇದೇ ಮೊದಲು.

ಜೂನ್ ೧೫, ಭಾನುವಾರ

ಮನೆಯಲ್ಲಿ ಶಾಂತಿ. ಯಾರೂ ಏನೂ ಹಾಕಲು ಹೇಳಲಿಲ್ಲ. ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ.

ಜೂನ್ ೧೯, ಗುರುವಾರ

ಶಾಂತಿ ಅತಿಯಾಯಿತು. ಮಾವ ಕಾಫಿಗೆ ಸಕ್ಕರೆ ಕಡಿಮೆ ಎನ್ನುವುದಿಲ್ಲ, ಬಾಗಿಲು ಯಾಕೆ ತೆರೆದಿಟ್ಟಿರಿ ಎನ್ನುವುದಿಲ್ಲ. ಹೆಂಡತಿ ಫೋನ್ ಮಾಡಿದರೆ, "ಗಂಟಲು ಕೆಟ್ಟಿದೆ ಅಂತ ಹೇಳಿ" ಎಂದು ಕೈಯಾಡಿಸುತ್ತಾರೆ. ಗಂಟಲಿಗೇನೂ ಆಗಿಲ್ಲ. ಆಚೆಯಿಂದ ಅವಳು ಹೇಳಿದ್ದು ತಮಗೆ ಕೇಳಿಸದೇ ಹೋದರೆ ಎಂಬ ಭಯ, ನಾನು ಬಲ್ಲೆ. ಕೇಳಿಸುತ್ತದೆ! ನಾನು ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದ್ದು ಕೇಳಿಸುತ್ತದೆ. ಆದರೂ ಒಪ್ಪುವುದಿಲ್ಲ, "ಅದು ಮಾತು, ಅದು ಮೇಲಿನ ಸ್ವರ" ಎನ್ನುತ್ತಾರೆ. ಹಟ ಎಂದರೆ ಇದು.

ಸಂಜೆ ಕಚೇರಿಯಿಂದ ಬಂದಾಗ ಕುಂಭಕರ್ಣನ ಗವಸು ಅರ್ಧ ಬಿಚ್ಚಿತ್ತು. ಬಗ್ಗಲಾಗದ ಮಾವ ಅದನ್ನು ಹೇಗೆ ಎತ್ತಿದರೋ, ಗೋಡೆಗೆ ಒರಗಿಸಿ, ತಬ್ಬಿ ನಿಂತಿದ್ದರು. ಕಮಾನು ಒಮ್ಮೆ ಎಳೆದರು. ಅಡುಗೆಮನೆಯ ಲೋಟಗಳು ಅಲುಗಿದವು, ನನ್ನ ಕಾಲಡಿಯ ನೆಲ ಅದುರಿತು.

"ಕೇಳಿಸ್ತಲ್ಲ?" ಎಂದೆ.

"ಎದೆಗೆ ಗೊತ್ತಾಯ್ತು. ಕಿವಿಗೆ ಬಂತೋ ಇಲ್ವೋ, ಹೇಗೆ ಹೇಳ್ಲಿ? ತಬ್ಬಿಕೊಂಡು ನಿಂತವನಿಗೆ ಮೈಯೆಲ್ಲ ಕಿವಿ. ಅದನ್ನ ನಂಬೋ ಹಾಗಿಲ್ಲ."

ಇಂಥ ಮನುಷ್ಯನ ಜೊತೆ ವಾದ ಮಾಡುವುದು ಹೇಗೆ? ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದರೂ ಬರುವುದಿಲ್ಲ. ಇರುವುದನ್ನು ಇದೆ ಎಂದು ಹೇಳಿಸಿಕೊಳ್ಳಲೂ ಹೆದರಿಕೆ.

ಜೂನ್ ೨೨, ಭಾನುವಾರ

ಮಾವ ಸಂಗೀತ ಶಾಲೆಯೊಂದಕ್ಕೆ ಫೋನ್ ಮಾಡಿಸಿದರು, ನನ್ನಿಂದಲೇ. ಕುಂಭಕರ್ಣನನ್ನು ಶಾಲೆಗೆ ದಾನ ಕೊಡುತ್ತಾರಂತೆ. ಅವರು ಮಂಗಳವಾರ ಬಂದು ಒಯ್ಯುತ್ತಾರಂತೆ.

"ನಿಮಗೂ ಓಡಾಡಕ್ಕೆ ಜಾಗ ಆಗತ್ತೆ" ಎಂದರು.

ಜಾಗ ಬೇಕೆಂದು ನಾನು ಕೇಳಿದೆನೇ? ಕೇಳಿದ್ದೇನೆ, ನೂರು ಸಲ ಕೇಳಿದ್ದೇನೆ, ಆದರೆ ಹೆಂಡತಿಯ ಹತ್ತಿರ. ಅವರ ಹತ್ತಿರ ಒಂದು ದಿನವೂ ಕೇಳಿಲ್ಲ. ಕಿವಿ ಮಂದವಾದವರಿಗೆ ಇದು ಹೇಗೆ ಕೇಳಿಸಿತು?

ಜೂನ್ ೨೪, ಮಂಗಳವಾರ

ಒಯ್ದರು. ವ್ಯಾನಿನವರಿಗೆ ಎತ್ತುವ ರೀತಿಯೇ ಗೊತ್ತಿಲ್ಲ. ಕುತ್ತಿಗೆ ಹಿಡಿದು ಎಳೆದರು, ಬಾಗಿಲ ಚೌಕಟ್ಟಿಗೆ ಹೊಟ್ಟೆ ಬಡಿಸಿದರು. "ಏನ್ರೀ, ಸಿಮೆಂಟ್ ಮೂಟೆನಾ ಅದು?" ಎಂದು ಕೂಗಿ, ಕೆಳಗಿನ ಭಾಗವನ್ನು ನಾನೇ ಹಿಡಿದುಕೊಂಡು ಮೆಟ್ಟಿಲಿಳಿಸಿದೆ. ಮಾವ ಹೊರಗೆ ಬರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡಿದ್ದರು.

ಓಣಿ ಖಾಲಿ. ನೀರು ಕುಡಿಯಲು ಹೋಗುವಾಗ ಅಭ್ಯಾಸಬಲದಿಂದ ಕಾಲೆತ್ತಿ ದಾಟಿದೆ. ಅಲ್ಲಿ ಏನೂ ಇರಲಿಲ್ಲ. ನೋಡಿದವರು ಏನೆಂದುಕೊಂಡಾರು!

ಜೂನ್ ೨೬, ಗುರುವಾರ, ಊಟದ ಬಿಡುವು

ಕಚೇರಿಯಲ್ಲೇ ಬರೆಯುತ್ತಿದ್ದೇನೆ. ಮನೆಗೆ ಹೋಗುವವರೆಗೆ ತಡೆಯಲಾರೆ, ಅಷ್ಟು ಸಿಟ್ಟು ಬಂದಿದೆ. ಮೂರನೆಯ ಮಹಡಿಯ ಹೆಂಗಸೊಬ್ಬಳು ಬಂದಿದ್ದಳು. ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತದಂತೆ, ನಮ್ಮ ಇಲಾಖೆ ನಿದ್ದೆ ಹೊಡೆಯುತ್ತಿದೆಯಂತೆ. ಕೌಂಟರು ಗುದ್ದಿದಳು. ಕಡತ ತೆಗೆದು ನೋಡಿದರೆ, ಅವಳ ಮಾಳಿಗೆಯ ಪೈಪಿಗೆ ನಡುವೆ ಒಂದು ಸಣ್ಣ ಪಂಪು ಇರಬೇಕು.

"ಪಂಪ್ ಎಲ್ಲಮ್ಮ?" ಎಂದೆ.

"ಅದ್ಯಾಕೆ ಬೇಕು? ಸುಮ್ನೆ ಕರೆಂಟು ತಿಂತಿತ್ತು. ತೆಗೆಸಿ ನೇರ ಪೈಪ್ ಹಾಕ್ಸಿದೀವಿ. ಕೆಳಗಿನ ಮನೆಯೋರಿಗೆಲ್ಲ ಪಂಪಿಲ್ದೇನೇ ಬರತ್ತಲ್ಲ!"

"ಕೆಳಗಿನ ಮನೆಯೋರಿಗೆ ಬರತ್ತೆ ತಾಯೀ, ಅವರಿಗೆ ಒತ್ತಡ ಮೊದ್ಲೇ ಇದೆ. ನಿಮಗೆ ಬರೋದು ಸಣ್ಣ ಧಾರೆ. ಅದನ್ನ ಎತ್ತಿಕೊಡೋಕೇ ಅಂತ ನಡುವೆ ಪಂಪ್ ಇಟ್ಟಿದ್ದು. ಇಟ್ಟವರೇನು ದಡ್ಡರಾ? ನೀವೇ ಕಿತ್ತು ಹಾಕಿ, ನೀರಿಲ್ಲ ಅಂತ ನಮ್ಮನ್ನ ಬೈದ್ರೆ ಹೇಗೆ? ಏನು ಯಾಕಿದೆ ಅಂತ ಕೇಳದೆ ಕೀಳೋ ಬುದ್ಧಿ ಎಲ್ಲಿಂದ"

ಮೇಲಿನ ವಾಕ್ಯವನ್ನು ಅವಳಿಗೆ ಪೂರ್ತಿ ಹೇಳಿದ್ದೆ. ಇಲ್ಲಿ ಪೂರ್ತಿ ಬರೆಯಲಾಗುತ್ತಿಲ್ಲ.

ಸೋಪಿನ ಡಬ್ಬಿ.

ಸೀಡಿಗೆ ಬೇಕಿಲ್ಲ, ಟೇಪಿಗೆ ಬೇಕಿಲ್ಲ, ಅವು ಕೆಳಗಿನ ಮನೆಯವು. ರೆಕಾರ್ಡಿನ ಸೂಜಿಯಿಂದ ಬರುವುದು ಸಣ್ಣ ಧಾರೆ. ಅದನ್ನು, ಅದರಲ್ಲೂ ಕೆಳಗಿನ ಸ್ವರವನ್ನು, ಎತ್ತಿಕೊಡಲೆಂದೇ ಅತ್ತೆ ಕೂತು, ಬೆಸುಗೆ ಹಾಕಿ, ಗುಲಾಬಿ ಚಿತ್ರದ ಡಬ್ಬಿಯಲ್ಲಿ ಒಂದು ಪಂಪು ಮಾಡಿಟ್ಟಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿಯಲ್ಲಿ ಬಿತ್ತಂತೆ. ಆ ಹಲ್ಲಿ ಈಗ ಕೌಂಟರಿನ ಹಿಂದೆ ಕೂತು ಡೈರಿ ಬರೆಯುತ್ತಿದೆ.

ಮುದುಕರಿಗೆ ಕಿವಿ ಹೋಗಿದೆ ಎಂದೆ. ನಂಬಿದರು. ನನ್ನ ಮಾತು ನಂಬಿ ತಮ್ಮ ಪ್ರಾಣದಂಥ ವಸ್ತುವನ್ನು ವ್ಯಾನಿಗೆ ಹಾಕಿ ಕಳಿಸಿದರು.

ಡಬ್ಬಿ ಅದರ ಗವಸಿನ ಜೇಬಿನಲ್ಲಿದೆ. ಅರ್ಧ ದಿನ ರಜೆ ಹಾಕುತ್ತಿದ್ದೇನೆ.

ಅದೇ ದಿನ, ಸಂಜೆ

ಸಂಗೀತ ಶಾಲೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತ. ಅವನ ಕುರ್ಚಿಯೂ ನನ್ನ ಕುರ್ಚಿಯ ಹಾಗೇ ಸವೆದಿತ್ತು.

"ದಾನ ಕೊಟ್ಟಿದ್ದು ಆಯ್ತಲ್ಲ ಸಾರ್. ಏನಿದ್ರೂ ಲಿಖಿತವಾಗಿ ಕೊಡಿ, ಪರಿಶೀಲಿಸ್ತೀವಿ."

ಲಿಖಿತವಾಗಿ ಕೊಡಿ, ಪರಿಶೀಲಿಸುತ್ತೇವೆ! ಅದು ನನ್ನ ಮಾತು. ನನ್ನ ಮಾತನ್ನು ನನಗೇ ಎತ್ತಿ ಹೇಳಿದ. ಅದನ್ನು ಕೇಳಿಸಿಕೊಳ್ಳುವುದು ಇಷ್ಟು ಉರಿಯುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಕೌಂಟರು ಗುದ್ದಿದೆ. ಸದ್ದಿಗೆ ಒಳಗಿನಿಂದ ಶಾಲೆಯ ಮೇಡಂ ಬಂದರು.

ನಾನು ಹೋಗಿದ್ದು ಡಬ್ಬಿಗಾಗಿ. "ಜೇಬಲ್ಲಿ ಒಂದು ಸೋಪಿನ ಡಬ್ಬಿ ಇದೆ, ಅದು ಬೇಕು" ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ:

"ನಮ್ಮ ಮಾವನ ಬೇಸ್ ವಾಪಸ್ ಬೇಕು. ಅವರ ಕಿವಿ ಸರಿಯಾಗಿದೆ. ತಪ್ಪು ನಂದು."

ಮೇಡಂ ಗುಮಾಸ್ತನ ಮುಖ ನೋಡಿದರು, ಗುಮಾಸ್ತ ನನ್ನ ಮುಖ ನೋಡಿದ. ಪಂಪು, ಧಾರೆ, ಮೂರನೆಯ ಮಹಡಿ ಎಲ್ಲ ವಿವರಿಸಿದೆ. ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. "ಕೊಟ್ಟವರು ಬಾಯಿಬಿಟ್ಟು ಕೇಳಿದ್ರೆ ಕೊಡ್ತೀನಿ. ನಿಮ್ಮ ಬಾಯಲ್ಲಿ ಅಲ್ಲ, ಅವರ ಬಾಯಲ್ಲಿ" ಎಂದರು. ನ್ಯಾಯವೇ. ಜೇಬಿನಿಂದ ಡಬ್ಬಿ ಮಾತ್ರ ತೆಗೆದುಕೊಂಡು ಬಂದೆ. ಬರುವ ಮುಂಚೆ ಹೊಟ್ಟೆಯ ಮೇಲೆ ಗೀರು ಬಿದ್ದಿದೆಯೇ ನೋಡಿದೆ. ಬಿದ್ದಿದೆ. ವ್ಯಾನಿನವರನ್ನು ಬಿಡುವುದಿಲ್ಲ.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು. ಪಕ್ಕದವನು ಮೂಸಿ ನೋಡಿದ.

ಜೂನ್ ೨೭, ಶುಕ್ರವಾರ

ನಿನ್ನೆ ಬರೆಯಲು ಉಳಿದದ್ದು ಇವತ್ತು.

ಮನೆಗೆ ಬಂದಾಗ ಮಾವ ಕತ್ತಲು ಮಾಡಿಕೊಂಡು ಕೂತಿದ್ದರು. ನಾನು ನೇರ ಮೇಜಿನ ಹಿಂದೆ ಸೇರಿಕೊಂಡೆ. ಪ್ಲೇಯರಿನ ತಂತಿ ಡಬ್ಬಿಗೆ, ಡಬ್ಬಿಯ ತಂತಿ ರಿಸೀವರಿಗೆ, ಡಬ್ಬಿಯ ಪ್ಲಗ್ಗು ಕರೆಂಟಿಗೆ. ಹಾಕಿದ ಕೂಡಲೇ ಹೆಜ್ಜೇನಿನ ಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದೆದ್ದಿತು. ಆಮೇಲೆ ನೋಡಿದರೆ ಪ್ಲೇಯರಿನಿಂದ ಇನ್ನೊಂದು ಕೂದಲೆಳೆಯಂಥ ತಂತಿ ನೇತಾಡುತ್ತಿತ್ತು, ಡಬ್ಬಿಯ ಬದಿಯಲ್ಲಿ ಒಂದು ತಿರುಪು ಕಾಯುತ್ತಿತ್ತು. ಆ ತಂತಿಯನ್ನೂ ಅವತ್ತು ಡಬ್ಬಿ ಕೀಳುವಾಗ ನಾನೇ ಬಿಚ್ಚಿದ್ದು. ಸುತ್ತಿ ತಿರುಪು ಬಿಗಿದೆ. ಸದ್ದು ಕತ್ತರಿಸಿದ ಹಾಗೆ ನಿಂತಿತು.

"ಮಾವ, ಈ ಡಬ್ಬಿ ಬಿಟ್ಟುಹೋಗಿತ್ತು. ನಾನೇ ಕಿತ್ತಿದ್ದೆ."

"ಅಂದ್ರೆ?"

"ಅಂದ್ರೆ ಕೆಟ್ಟಿದ್ದು ನಿಮ್ಮ ಕಿವಿ ಅಲ್ಲ, ನನ್ನ ತಲೆ."

ರೆಕಾರ್ಡು ಹಾಕಿದೆ. ಪಿಟೀಲುಗಳು ಬಂದವು, ಸೊಳ್ಳೆಯಾಗಿ ಅಲ್ಲ, ಮನುಷ್ಯರು ನುಡಿಸುವ ಪಿಟೀಲಾಗಿ. ಅವುಗಳ ಕೆಳಗೆ ಅದು ಬಂತು. ನೆಲದಿಂದ ಬಂದ ಹಾಗೆ. ಅವತ್ತು ಓಣಿಯಲ್ಲಿ ಲೋಟ ಅಲುಗಿಸಿತಲ್ಲ, ಅದೇ ಸದ್ದು, ಅದೇ ಮನುಷ್ಯ.

ಮಾವನ ಎಡಗೈ ಗಾಳಿಯಲ್ಲಿ ಏರಿತು, ಬೆರಳುಗಳು ಇಲ್ಲದ ತಂತಿಯನ್ನು ಒತ್ತತೊಡಗಿದವು. ಒಂದು ಕಡೆ ಎಲ್ಲ ವಾದ್ಯವೂ ಒಟ್ಟಿಗೆ ನಿಂತು, ಒಟ್ಟಿಗೆ ಶುರುವಾಗಬೇಕು. ಎಲ್ಲವೂ ಶುರುವಾದವು. ಬೇಸ್ ಮಾತ್ರ ಒಂದು ಕೂದಲೆಳೆಯಷ್ಟು ತಡವಾಗಿ ಬಂತು. ನನ್ನಂಥವನಿಗೂ ಗೊತ್ತಾಯಿತು.

"ಕೇಳಿಸ್ತಾ? ತಡ ಆಯ್ತು!" ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ಅವತ್ತು ಬೆರಳು ಜಾರಿತ್ತು. ಮತ್ತೆ ನುಡಿಸೋಕೆ ಟೈಮಿರಲಿಲ್ಲ, ಹಾಗೇ ಅಚ್ಚಾಯ್ತು. ನಿಮ್ಮತ್ತೆ ದಿನಾ ಈ ಜಾಗಕ್ಕೆ ಕಾಯ್ತಿದ್ಲು. 'ದೊರೆಗಳು ಈಗ ಬಂದ್ರಾ?' ಅನ್ನೋಳು. ದಿನಾ. ಒಂದು ದಿನ ಬಿಡದೆ."

ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತರು. ಅತ್ತೆ ಹೋದಾಗ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಏನು ಮಾಡಬೇಕು? ಕಾಫಿ ಮಾಡಿದೆ. ಸಕ್ಕರೆ ಕಡಿಮೆ ಎಂದರು.

ಇವತ್ತು ಬೆಳಿಗ್ಗೆ ಅವರೇ ಮೇಡಂಗೆ ಫೋನ್ ಮಾಡಿದರು. ಜೋರಾಗಿ, ಗಂಟಲಿಗೆ ಏನೂ ಆಗದವರ ಹಾಗೆ.

ಜುಲೈ ೧, ಮಂಗಳವಾರ

ಕುಂಭಕರ್ಣ ವಾಪಸಾದ. ಶಾಲೆಯ ಮೇಡಂ ಷರತ್ತು ಹಾಕಿದ್ದಾರೆ, ವಾರಕ್ಕೊಂದು ದಿನ ಮಾವ ಹೋಗಿ ಅಲ್ಲಿನವರಿಗೆ ಬೇಸ್ ಹೇಳಿಕೊಡಬೇಕಂತೆ. ಮಾವ ಹೂಂ ಎಂದು ಬಿಟ್ಟರು. ಅವರನ್ನು ಕರೆದುಕೊಂಡು ಹೋಗುವವರು ಯಾರು, ಕರೆದುಕೊಂಡು ಬರುವವರು ಯಾರು? ನನ್ನನ್ನು ಒಂದು ಮಾತು ಕೇಳಿದರೇ? ಮೇಲಾಗಿ ಬೆಳಿಗ್ಗೆ ನಾನು ಕ್ಷೌರ ಮಾಡಿಕೊಳ್ಳುವ ಹೊತ್ತಿಗೇ ಸಾಧನೆ ಶುರು. ಲೋಟಗಳ ಕೆಳಗೆ ಬಟ್ಟೆ ಹಾಸಿದ್ದೇನೆ. ಓಣಿಯಲ್ಲಿ ಅವನನ್ನು ಗೋಡೆಯ ಕಡೆಗೆ ಇಡಬಾರದು, ತೇವ ಬರುತ್ತದೆ. ಒಳಗಡೆಗೆ ಸರಿಸಿಟ್ಟೆ. ಮೊಣಕಾಲು ತಾಗಿತು.

ಅತ್ತಿಗೆ ಫೋನಿನಲ್ಲಿ ಕೇಳಿದಳು, "ರಿಸೀವರ್ ಹೇಗಿದೆ? ಐದು ನಿಮಿಷದ ಕೆಲಸ ಅಲ್ವಾ?" ಎಂದು. ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಜುಲೈ ೬, ಭಾನುವಾರ

ಹೆಂಡತಿ ಬಂದಳು. ಓಣಿಯಲ್ಲಿ ಕಾಲಿಟ್ಟವಳೇ, "ಇದಿನ್ನೂ ಇಲ್ಲೇ ಇದ್ಯಾ? ಯಾವುದಾದ್ರೂ ಶಾಲೆಗೆ ಕೊಟ್ಬಿಡೋಣ ಅಂತಿದ್ರಲ್ಲ ನೀವು" ಎಂದಳು. ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಮನೆಯ ಹಿರಿಯರ ವಸ್ತುವಿನ ಬಗ್ಗೆ ಮಾತಾಡುವ ರೀತಿಯೇ ಇದು?

ಸಂಜೆ ಕಾಫಿಯಾದ ಮೇಲೆ ಎಂದಿನಂತೆ ರೆಕಾರ್ಡು ಹಾಕಿದೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಾವ ಕಣ್ಣು ಮುಚ್ಚಿ ಕುರ್ಚಿಯಲ್ಲಿ, ನಾನು ಪೇಪರು ಹಿಡಿದು ಪಕ್ಕದಲ್ಲಿ. ಆ ಜಾಗ ಬಂತು. ಎಲ್ಲ ವಾದ್ಯವೂ ನಿಂತವು, ಎಲ್ಲವೂ ಶುರುವಾದವು, ಒಬ್ಬರು ತಡವಾಗಿ ಬಂದರು. ದಿನಾ ಆ ಜಾ‌ಗದಲ್ಲಿ ಮಾವ ಸ್ವಲ್ಪ ಕಾಯುತ್ತಾರೆ. ಏನನ್ನು ಕಾಯುತ್ತಾರೆ ಎಂದು ನನಗೆ ಗೊತ್ತು. ದಿನಾ ಅಲ್ಲಿ ಬರೀ ರೆಕಾರ್ಡು ತಿರುಗುತ್ತದೆ. ಇವತ್ತು ಅದೇಕೋ ಸಹಿಸಲಾಗಲಿಲ್ಲ. ಪೇಪರಿನಿಂದ ತಲೆ ಎತ್ತದೆಯೇ ಹೇಳಿದೆ:

"ದೊರೆಗಳು ಈಗ ಬಂದ್ರಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಮಾವ ಕಣ್ಣು ತೆರೆಯಲಿಲ್ಲ.

"ಬಂದೆ ಕಣೇ, ಬಂದೆ" ಎಂದರು. "ಸ್ವಲ್ಪ ತಾಳು."

ಇಷ್ಟು ವರ್ಷ ತಡವಾಗಿಯೇ ಬರುತ್ತಿರುವ ಮನುಷ್ಯ, ನನಗೆ ತಾಳು ಎನ್ನುತ್ತಾರೆ! ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ ನೋಟವಂತೂ ಬೇಡವೇ ಬೇಡ, ನಾನೇನೋ ದೊಡ್ಡ ಉಪಕಾರ ಮಾಡಿದ ಹಾಗೆ. ನಾಳೆ ಸಂಜೆ ಇನ್ನೂ ಜೋರಾಗಿ ಹೇಳುತ್ತೇನೆ.